ಕೂದಲು ನಡುವೆ ತುಂಡಾಗುತ್ತಿದೆಯಾ? ಪ್ರೋಟೀನ್ ಡಬ್ಬಿ ತೆರೆಯುವ ಮೊದಲು ಇಷ್ಟು ನೋಡಿ

ಮಳೆಗಾಲ ಹಿಡಿಯಿತೆಂದರೆ ಕರಾವಳಿಯಲ್ಲಿ ಕೂದಲಿನ ದೂರು ಜಾಸ್ತಿಯಾಗುತ್ತದೆ. ಕಾರವಾರದ ನಮ್ಮ ಪಾರ್ಲರಿಗೆ ಬರುವವರಲ್ಲಿ ಬಹಳ ಮಂದಿ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. "ಅಕ್ಕಾ, ಪ್ರೋಟೀನ್ ಕಮ್ಮಿಯಾಗಿದೆ, ಕೆರಾಟಿನ್ ಮಾಡಿಬಿಡಿ" ಅನ್ನುತ್ತಾರೆ. ಇಲ್ಲವೇ "ಮಾಯಿಶ್ಚರ್ ಇಲ್ಲ, ಒಣಗಿ ಹೋಗಿದೆ" ಅನ್ನುತ್ತಾರೆ. ಮೊಬೈಲಿನಲ್ಲಿ ಯಾರೋ ಹೇಳಿದ್ದು. ಕೆಲವರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ನಮ್ಮ ಜಿಲ್ಲೆಯಲ್ಲಿ ಅದಕ್ಕಿಂತ ಮೊದಲು ನೋಡಬೇಕಾದ ಸಂಗತಿಗಳಿವೆ. ಬಾವಿ ನೀರು, ಒದ್ದೆಯಲ್ಲೇ ಕಟ್ಟಿದ ತುರುಬು, ದಿನಾ ಒಂದೇ ಜಾಗಕ್ಕೆ ಚುಚ್ಚುವ ಕ್ಲಿಪ್ಪು. ಅವನ್ನು ಬಿಟ್ಟು ನೇರ ಡಬ್ಬಿಗೆ ಕೈ ಹಾಕಿದರೆ ದುಡ್ಡು ಹೋಗುತ್ತದೆ, ಕೂದಲೂ ಹೋಗುತ್ತದೆ.

ಕೆಳಗಿನ ಕ್ರಮದಲ್ಲೇ ನೋಡುತ್ತಾ ಹೋಗಿ. ಹಾರಿ ಮುಂದೆ ಹೋಗಬೇಡಿ.

ಮೊದಲ ಪ್ರಶ್ನೆ: ಉದುರಿದ್ದೋ, ತುಂಡಾದದ್ದೋ?

ಬಾಚಿದಾಗ ಬಂದ ಕೂದಲನ್ನು ಉಂಡೆ ಮಾಡಿ ಎಸೆಯಬೇಡಿ. ಒಂದೊಂದೇ ಎಳೆ ಬಿಡಿಸಿ ಬಿಳಿ ಕಾಗದದ ಮೇಲೆ ಉದ್ದಕ್ಕೆ ಇಡಿ. ನಿಮ್ಮ ಜಡೆಯಷ್ಟೇ ಉದ್ದ ಇದೆಯಾ, ಇಲ್ಲ ಗೇಣುದ್ದದ ಚೂರಾ? ಆಮೇಲೆ ಅದೇ ಎಳೆಯ ಎರಡೂ ತುದಿಯನ್ನು ಆಫ್ ಆಗಿರುವ ಮೊಬೈಲಿನ ಕಪ್ಪು ಗಾಜಿನ ಮೇಲಿಟ್ಟು, ಕಿಟಕಿ ಬೆಳಕಿಗೆ ವಾರೆ ಮಾಡಿ ನೋಡಿ. ಒಂದು ತುದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಗುಬಟು ಕಂಡರೆ ಅದು ಬುಡದಿಂದಲೇ ಕಳಚಿ ಬಂದದ್ದು. ಎರಡೂ ಕಡೆ ಗುಬಟಿಲ್ಲದೆ, ಒಂದು ಕಡೆ ಕತ್ತರಿಸಿದ ಹಾಗೆ ಮೊಂಡಾಗಿಯೋ ನಾರು ನಾರಾಗಿಯೋ ಇದ್ದರೆ ಅದು ತುಂಡಾದದ್ದು.

ದಿನಕ್ಕೆ 50ರಿಂದ 100 ಕೂದಲು ಬುಡದಿಂದ ಉದುರುವುದು ಸಹಜ. ವಾರಕ್ಕೆ ಎರಡೇ ಸಲ ತಲೆಗೆ ಮೀಯುವವರಿಗೆ ಅಷ್ಟು ದಿನದ್ದೆಲ್ಲ ಒಟ್ಟಿಗೇ ಕೈಗೆ ಬರುತ್ತದೆ. ಬಚ್ಚಲಿನ ಜಾಲರಿ ನೋಡಿ ಹೆದರುವವರು ಇದನ್ನು ನೆನಪಿಡಿ. ಗುಬಟಿರುವ ಕೂದಲೇ ವಿಪರೀತ ಬರುತ್ತಿದ್ದರೆ ಎರಡು ಮೂರು ತಿಂಗಳು ಹಿಂದಕ್ಕೆ ಹೋಗಿ ಯೋಚಿಸಿ. ಜೋರು ಜ್ವರ, ಡೆಂಗಿ, ಟೈಫಾಯ್ಡ್, ಹೆರಿಗೆ, ಆಪರೇಶನ್, ಊಟ ಬಿಟ್ಟು ತೂಕ ಇಳಿಸಿದ್ದು, ಇವೆಲ್ಲ ಅಷ್ಟು ತಡವಾಗಿಯೇ ತಲೆಯಲ್ಲಿ ಕಾಣಿಸಿಕೊಳ್ಳುತ್ತವೆ. ಥೈರಾಯ್ಡ್, ರಕ್ತದಲ್ಲಿ ಕಬ್ಬಿಣದ ಕೊರತೆಯೂ ಇರಬಹುದು. ಅದಕ್ಕೆ ರಕ್ತ ಪರೀಕ್ಷೆ ಬೇಕು, ಡಾಕ್ಟರು ಬೇಕು. ಯಾವ ಮಾಸ್ಕೂ ಅಲ್ಲಿ ಕೆಲಸಕ್ಕೆ ಬಾರದು. ಈ ಬರಹ ನಿಮಗಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಚೂರು ಕೂದಲೇ ಜಾಸ್ತಿ ಇದ್ದರೆ ಮುಂದೆ ಓದಿ.

ಎಲ್ಲಿ ತುಂಡಾಗಿದೆ?

ಕನ್ನಡಿ ಮುಂದೆ ಕೂತು ಕೂದಲು ಬಿಚ್ಚಿ. ಜಾಗ ನೋಡಿದರೆ ಅರ್ಧ ರೋಗ ಗೊತ್ತಾಗುತ್ತದೆ.

ತುದಿಯ ಒಂದೆರಡು ಇಂಚು ಮಾತ್ರ ಕವಲೊಡೆದು ಮುರಿಯುತ್ತಿದ್ದರೆ ಅದು ಹಳೆಯ ಕೂದಲು, ಸವೆದಿದೆ, ಅಷ್ಟೇ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟ ಮುಟ್ಟುವ ಜಡೆ ಇದ್ದರೆ ಅದರ ತುದಿ ಐದಾರು ಮಳೆಗಾಲ ಕಂಡದ್ದು. ಅದಕ್ಕೆ ಕತ್ತರಿಯೇ ಮದ್ದು. ಸೀಳಿದ ತುದಿಯನ್ನು ಅಂಟಿಸುವ ಕ್ರೀಮು ಇನ್ನೂ ಬಂದಿಲ್ಲ. ಬಾಟಲಿಯ ಮೇಲೆ ಏನೇ ಬರೆದಿರಲಿ, ಮುಂದಿನ ಸ್ನಾನದ ತನಕ ಮುಚ್ಚಿಡುತ್ತದೆ, ಅಷ್ಟೇ.

ತಲೆಯ ಹಿಂದೆ ಒಂದೇ ಎತ್ತರದಲ್ಲಿ ಗೆರೆ ಎಳೆದ ಹಾಗೆ ತುಂಡಾಗಿದ್ದರೆ ರಬ್ಬರ್ ಬ್ಯಾಂಡು ನೋಡಿ. ಒಂದೇ ಪಕ್ಕದಲ್ಲಿ, ಕಿವಿಯ ಮೇಲೆ ಗಿಡ್ಡ ಗಿಡ್ಡ ಎಳೆ ಎದ್ದು ನಿಂತಿದ್ದರೆ ಹೂವಿನ ಕ್ಲಿಪ್ಪು ನೋಡಿ. ದಿನಾ ಅಬ್ಬಲಿಗೆಯೋ ಭಟ್ಕಳದ ಮಲ್ಲಿಗೆಯೋ ಮುಡಿಯುವವರಲ್ಲಿ ಇದನ್ನು ಸುಮಾರು ನೋಡಿದ್ದೇನೆ. ತಪ್ಪು ಹೂವಿನದ್ದಲ್ಲ. ರಬ್ಬರ್ ತುದಿ ಉದುರಿಹೋದ ಹಳೇ ಹೇರ್‌ಪಿನ್ನಿನದ್ದು. ಅದರ ಬರಿ ಕಬ್ಬಿಣ ದಿನಾ ಅದೇ ಎಳೆಯ ಮೇಲೆ ಗೀರುತ್ತದೆ. ಹಣೆಯಂಚಿನಲ್ಲಿ ಮಾತ್ರ ತೆಳ್ಳಗಾಗಿದ್ದರೆ ಬಿಗಿ ಜಡೆ. ನೆತ್ತಿ ಮತ್ತು ಕತ್ತಿನ ಹತ್ತಿರ ಒರಟಾಗಿ ಸಿಕ್ಕಾಗಿದ್ದರೆ ಹೆಲ್ಮೆಟ್ಟು, ಅದರಲ್ಲೂ ಒದ್ದೆ ಕೂದಲಿನ ಮೇಲೆ ಹಾಕಿದ ಹೆಲ್ಮೆಟ್ಟು.

ಇವುಗಳಲ್ಲಿ ಯಾವುದಾದರೂ ಹೊಂದಿದರೆ ಅದನ್ನು ಮೊದಲು ಸರಿ ಮಾಡಿ. ಬಟ್ಟೆ ಸುತ್ತಿದ ಬ್ಯಾಂಡು ಹಾಕಿ, ಕ್ಲಿಪ್ಪಿನ ಜಾಗ ಬದಲಿಸಿ, ಹೆಲ್ಮೆಟ್ಟಿನೊಳಗೆ ತೆಳು ಹತ್ತಿ ಬಟ್ಟೆ ಕಟ್ಟಿ. ಪ್ರೋಟೀನಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನೊಂದಿದೆ, ಅಪರೂಪವೇ, ಆದರೆ ನಮ್ಮ ಹವೆಯಲ್ಲಿ ಮರೆಯಬಾರದ್ದು. ಎಳೆಯ ಉದ್ದಕ್ಕೂ ಅಲ್ಲಲ್ಲಿ ಬಿಳಿ ಚುಕ್ಕೆಯ ಹಾಗೆ ಗಂಟು ಕಂಡರೆ ಉಗುರಿನಲ್ಲಿ ಹಿಡಿದು ಎಳೆಯಿರಿ. ಮೆತ್ತಗಿದ್ದು ಜಾರಿ ಕೈಗೆ ಬಂದರೆ ಅದು ಫಂಗಸ್ ಇರಬಹುದು. ಒದ್ದೆ ಕೂದಲನ್ನು ಕಟ್ಟಿ ಮುಚ್ಚಿಡುವವರಲ್ಲಿ ಬರುತ್ತದೆ. ಒಂದು ಬದಿಗೆ ಗಟ್ಟಿಯಾಗಿ ಅಂಟಿ ಕೂತಿದ್ದರೆ ಹೇನಿನ ಸೀರು. ಬಾರದೆ, ಬಗ್ಗಿಸಿದಾಗ ಅದೇ ಗಂಟಿನಲ್ಲಿ ಕುಂಚದ ಹಾಗೆ ಬಿಡಿಸಿಕೊಂಡು ಮುರಿದರೆ ಅಲ್ಲಿ ಕೂದಲೇ ಒಳಗಿನಿಂದ ಜಜ್ಜಿದೆ. ಇಸ್ತ್ರಿ, ಬ್ಲೀಚು, ಒರಟು ಬಾಚಣಿಗೆ ಇದರ ಮಾಮೂಲು ಕಾರಣ. ಫಂಗಸ್ ಅನುಮಾನ ಬಂದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಜಾಗಕ್ಕೆ ಕಾರಣ ಸಿಗಲಿಲ್ಲ, ತಲೆತುಂಬ ಅಲ್ಲಲ್ಲಿ ನಡುವೆಯೇ ಮುರಿಯುತ್ತಿದೆ ಎಂದಾದರೆ ಈಗ ಪ್ರೋಟೀನಿನ ಮಾತಿಗೆ ಬರೋಣ.

ಒದ್ದೆ ಎಳೆಯನ್ನು ಎಳೆದು ನೋಡುವುದು

ಲೋಟದ ನೀರಿಗೆ ಕೂದಲು ಹಾಕಿ ತೇಲುತ್ತದಾ ಮುಳುಗುತ್ತದಾ ನೋಡುವ ಪರೀಕ್ಷೆ ಬೇಡ. ಎಣ್ಣೆ ಹಚ್ಚಿದ ಕೂದಲು ಏನೇ ಮಾಡಿದರೂ ತೇಲುತ್ತದೆ, ಮತ್ತೆ ನಮ್ಮಲ್ಲಿ ಎಣ್ಣೆ ಹಚ್ಚದವರು ಯಾರಿದ್ದಾರೆ?

ಶಾಂಪೂ ಹಾಕಿ ತೊಳೆದ, ಕಂಡೀಶನರ್ ಹಚ್ಚದ, ಒದ್ದೆ ಕೂದಲಿನಿಂದ ತಾನಾಗಿ ಉದುರಿದ ಒಂದು ಎಳೆ ತೆಗೆದುಕೊಳ್ಳಿ. ಎರಡೂ ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಮೂರು ನಾಲ್ಕು ಇಂಚು ಬಿಟ್ಟು ಹಿಡಿಯಿರಿ. ಮೆಲ್ಲಗೆ ಎಳೆಯಿರಿ, ಜರ್ಕು ಬೇಡ. ಬಿಡಿ. ಏನಾಯಿತು?

ಚೂರು ಉದ್ದವಾಗಿ ಹೆಚ್ಚುಕಡಿಮೆ ಮೊದಲಿನ ಅಳತೆಗೆ ವಾಪಸ್ ಬಂದರೆ ಕೂದಲಿನ ಒಳಗು ಚೆನ್ನಾಗಿದೆ. ಒಳ್ಳೆಯ ಕೂದಲು ಒದ್ದೆಯಿದ್ದಾಗ ತನ್ನ ಉದ್ದದ ಮೂರರಲ್ಲಿ ಒಂದು ಭಾಗದಷ್ಟು ಹಿಗ್ಗಿದರೂ ತಡೆದುಕೊಳ್ಳುತ್ತದೆ. ಎಳೆದಷ್ಟೂ ಬರುತ್ತಾ ಹೋಗಿ, ಬಿಟ್ಟರೂ ಹಿಂದಕ್ಕೆ ಬರದೆ ಜೋತು ಬಿದ್ದರೆ, ಮುಟ್ಟಿದರೆ ಅಂಟಂಟು ಮೆತ್ತಗೆ ಅನ್ನಿಸಿದರೆ ಒಳಗಿನ ಕಟ್ಟು ಸಡಿಲವಾಗಿದೆ. ಹಿಗ್ಗದೆ ಟಕ್ಕೆಂದು ಮುರಿದರೆ ಕೂದಲು ಬಿರುಸಾಗಿದೆ.

ಒಂದೇ ಎಳೆ ನಂಬಬೇಡಿ. ತಲೆಯ ಬೇರೆ ಬೇರೆ ಕಡೆಯದ್ದು ನೋಡಿ. ತುದಿಯ ಭಾಗ, ಬುಡದ ಭಾಗ ಬೇರೆ ಬೇರೆ ಉತ್ತರ ಕೊಡುವುದೂ ಉಂಟು. ಬಣ್ಣ ಹಾಕಿದವರಲ್ಲಿ ಹೆಚ್ಚಾಗಿ ಹಾಗೇ ಆಗುತ್ತದೆ. ಇದು ಲ್ಯಾಬ್ ಪರೀಕ್ಷೆಯಲ್ಲ, ದಿಕ್ಕು ತೋರಿಸುತ್ತದೆ ಅಷ್ಟೇ.

ಇದು ಯಾಕೆ ಹೀಗೆ ಅಂದರೆ, ಕೂದಲು ಎನ್ನುವುದೇ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನು. ಒಳಗೆ ನಾರಿನ ಕಟ್ಟು, ಹೊರಗೆ ಒಂದರ ಮೇಲೊಂದು ಹೊದಿಸಿದ ತೆಳು ಹಾಳೆಗಳು. ಒಳಗಿನ ನಾರನ್ನು ಹಿಡಿದಿಡುವ ಕೊಂಡಿಗಳು ಮುಖ್ಯವಾಗಿ ಎರಡು ಥರ. ಒಂದು ಥರದ್ದು ನೀರು ತಾಗಿದರೆ ಬಿಡುತ್ತದೆ, ಒಣಗಿದರೆ ಮತ್ತೆ ಕೂಡುತ್ತದೆ. ರಾತ್ರಿ ಒದ್ದೆ ಜಡೆ ಹಾಕಿ ಮಲಗಿದರೆ ಬೆಳಿಗ್ಗೆ ಅಲೆಅಲೆ ನಿಲ್ಲುವುದು ಅದರಿಂದ. ಇನ್ನೊಂದು ಗಂಧಕದ ಕೊಂಡಿ. ನೀರಿಗೆ ಜಗ್ಗುವುದಿಲ್ಲ. ಕೂದಲು ನೇರ ಮಾಡುವ ರೀಬಾಂಡಿಂಗ್, ಬ್ಲೀಚ್ ಅದನ್ನೇ ಮುರಿಯುತ್ತವೆ. ಅದು ಮುರಿದ ಮೇಲೆ ಒದ್ದೆ ಕೂದಲನ್ನು ಹಿಡಿದಿಡಲು ಏನೂ ಉಳಿಯುವುದಿಲ್ಲ, ಎಳೆದಷ್ಟೂ ಬರುತ್ತದೆ.

ಜೋತು ಬೀಳುವ ಕೂದಲು: ಇಲ್ಲಿ ಪ್ರೋಟೀನ್ ಬೇಕು

ಶಿರಸಿಯಿಂದ ಮದುವೆಗೆ ಮುಂಚೆ ಒಬ್ಬರು ಬಂದಿದ್ದರು. ಮನೆಯಲ್ಲೇ ಬ್ಲೀಚ್ ಹಾಕಿ ಹೈಲೈಟ್ ಮಾಡಿಕೊಂಡಿದ್ದರು, ಅದರ ಮೇಲೆ ಮತ್ತೊಮ್ಮೆ ಬಣ್ಣ. ತೊಳೆಯುವಾಗ ಆ ಎಳೆಗಳು ಬೆರಳಿಗೆ ನೆನೆದ ದಾರದ ಹಾಗೆ ಸುತ್ತಿಕೊಳ್ಳುತ್ತಿದ್ದವು. ಇಂಥ ಕೂದಲಿಗೆ ಎಣ್ಣೆ, ಲೋಳೆಸರ ಎಷ್ಟು ಸುರಿದರೂ ಅದು ಇನ್ನಷ್ಟು ಮೆತ್ತಗಾಗುತ್ತದೆ, ಗಟ್ಟಿಯಾಗುವುದಿಲ್ಲ.

ಇಲ್ಲಿ ಬೇಕಾದದ್ದು ಸಣ್ಣ ಚೂರು ಮಾಡಿದ ಪ್ರೋಟೀನ್. ಡಬ್ಬಿಯ ಹಿಂದೆ 'ಹೈಡ್ರೊಲೈಸ್ಡ್' ಎಂಬ ಮಾತಿನ ಜೊತೆ ಕೆರಾಟಿನ್, ವೀಟ್ ಪ್ರೋಟೀನ್, ಸಿಲ್ಕ್ ಪ್ರೋಟೀನ್ ಎಂದು ಬರೆದಿರುತ್ತದೆ. ಈ ಚೂರುಗಳು ಹಾಳಾದ ಜಾಗಕ್ಕೆ ಅಂಟಿಕೊಂಡು ತಾತ್ಕಾಲಿಕವಾಗಿ ಬಲ ಕೊಡುತ್ತವೆ. ತಾತ್ಕಾಲಿಕ ಅನ್ನುವುದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಕೆಲವು ಸ್ನಾನದಲ್ಲಿ ಅದು ತೊಳೆದು ಹೋಗುತ್ತದೆ. ಮುರಿದ ಕೂದಲನ್ನು ಹೊಸದು ಮಾಡುವುದಿಲ್ಲ.

ತೀರಾ ಹಾಳಾಗಿದ್ದರೆ ಎರಡು ವಾರಕ್ಕೊಮ್ಮೆ, ಇಲ್ಲವಾದರೆ ತಿಂಗಳಿಗೊಮ್ಮೆ ಸಾಕು. ಡಬ್ಬಿಯಲ್ಲಿ ಹೇಳಿದಷ್ಟೇ ಹೊತ್ತು ಇಡಿ. ರಾತ್ರಿಯಿಡೀ ಇಟ್ಟರೆ ಜಾಸ್ತಿ ಹಿಡಿಯುತ್ತದೆ ಎಂದೇನಿಲ್ಲ. ತೊಳೆದ ಮೇಲೆ ಮಾಮೂಲಿ ಕಂಡೀಶನರ್ ಹಾಕಲೇಬೇಕು. ಬರೀ ಪ್ರೋಟೀನ್ ಹಾಕಿ ಬಿಟ್ಟರೆ ಕೂದಲು ಒಂದಕ್ಕೊಂದು ಉಜ್ಜಿ ಅದೇ ಹೊಸ ತೊಂದರೆ ತರುತ್ತದೆ.

ಇನ್ನು ಅಡುಗೆಮನೆಯ ಪ್ರೋಟೀನ್. ಮೊಟ್ಟೆಯ ಪ್ರೋಟೀನ್ ದೊಡ್ಡದು, ಕೂದಲೊಳಗೆ ಹೋಗುವುದಿಲ್ಲ. ಮೇಲೆ ಪದರ ಕಟ್ಟುತ್ತದೆ. ಅದರ ಮೇಲೆ ಹಂಡೆಯ ಬಿಸಿನೀರು ಹೊಯ್ದರೆ ಮೊಟ್ಟೆ ಅಲ್ಲೇ ಬೇಯುತ್ತದೆ. ಆಮೇಲೆ ಚೂರು ಆರಿಸುತ್ತಾ ಬಚ್ಚಲಲ್ಲಿ ಕೂರಬೇಕು. ಮೊಸರಿನ ಪ್ರೋಟೀನಿನದ್ದೂ ಅದೇ ಕತೆ, ಅದರ ಹುಳಿ ಮಾತ್ರ ಕೂದಲಿಗೆ ಸ್ವಲ್ಪ ನುಣುಪು ಕೊಡುತ್ತದೆ. ನೆನೆಸಿ ರುಬ್ಬಿದ ಮೆಂತೆಯಲ್ಲಿ ಕೆಲಸ ಮಾಡುವುದು ಅದರ ಲೋಳೆ, ಪ್ರೋಟೀನಲ್ಲ. ಬಟ್ಟೆಯಲ್ಲಿ ಸೋಸಿ ಹಚ್ಚಿದರೆ ಒಳ್ಳೆಯದೇ. ಸೋಸದೆ ಹಚ್ಚಿದರೆ ತರಿ ಸಿಕ್ಕಿಕೊಂಡು ಬಾಚುವಾಗ ಅದೇ ಕೂದಲು ಹರಿಯುತ್ತದೆ.

ಮತ್ತೆ ತಿನ್ನುವ ಪ್ರೋಟೀನ್? ಬಂಗಡೆ, ತೊಗರಿಬೇಳೆ, ಮೊಟ್ಟೆ ಎಲ್ಲ ಬೇಕು. ಆದರೆ ಅದು ಬುಡದಲ್ಲಿ ಮುಂದೆ ಹುಟ್ಟುವ ಕೂದಲಿಗೆ. ಹೊರಗೆ ಬಂದ ಕೂದಲಿಗೆ ಜೀವವಿಲ್ಲ, ಇವತ್ತು ಉಂಡದ್ದು ಭುಜದ ಹತ್ತಿರದ ಎಳೆಗೆ ಮುಟ್ಟುವುದಿಲ್ಲ.

ಪಾರ್ಲರಿನ 'ಕೆರಾಟಿನ್ ಟ್ರೀಟ್‌ಮೆಂಟ್' ಬಗ್ಗೆ ಪಾರ್ಲರ್ ನಡೆಸುವವಳು ಹೀಗೆ ಹೇಳಬಾರದೇನೋ. ಆದರೂ, ಅದು ಕೂದಲಿಗೆ ಪ್ರೋಟೀನ್ ಉಣಿಸುವ ಕೆಲಸ ಅಲ್ಲ. ಅದು ನೇರ ಮಾಡುವ ಕೆಲಸ. ಕೆಲವು ದ್ರಾವಣಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಬಿಸಿ ಮಾಡಿದಾಗ ಆವಿಯಾಗಿ ಕಣ್ಣು ಮೂಗು ಉರಿಸುತ್ತದೆ. ಅದರ ಮೇಲೆ ಜೋರು ಬಿಸಿಯ ಇಸ್ತ್ರಿ ಎಳೆಯಬೇಕು. ಜೋತು ಬೀಳುವ ಕೂದಲಿಗೆ ಇದನ್ನು ಮಾಡಿಸಬೇಡಿ, ಕೇಳಿಕೊಂಡು ಬಂದರೂ ನಾನು ಮಾಡುವುದಿಲ್ಲ.

ಟಕ್ಕೆಂದು ಮುರಿಯುವ ಕೂದಲು: ಇಲ್ಲಿ ನಿಲ್ಲಿಸಬೇಕಾದದ್ದೇ ಜಾಸ್ತಿ

ನಮ್ಮ ಕಡೆ ನಾನು ಹೆಚ್ಚು ನೋಡುವುದು ಈ ಥರ. ಅಂಕೋಲಾದ ಒಂದು ಕಾಲೇಜು ಹುಡುಗಿಯದ್ದು ನೋಡಿದರೆ ವಿಷಯ ಪೂರ್ತಿ ಅರ್ಥವಾಗುತ್ತದೆ. ಕೂದಲು ಮುಟ್ಟಿದರೆ ಒಣಹುಲ್ಲು. ಬೆರಳಾಡಿಸಿದರೆ ಸರಸರ ಸದ್ದು.

"ಏನೇನು ಹಚ್ಚುತ್ತೀಯಮ್ಮಾ?"

"ವಾರಕ್ಕೊಂದು ಪ್ರೋಟೀನ್ ಮಾಸ್ಕ್, ಅಕ್ಕಾ. ಮಧ್ಯ ಮಧ್ಯ ಗಂಜಿ ತಿಳಿ. ಮತ್ತೆ ಅಕ್ಕಿ ತೊಳೆದ ಅಕ್ಕಚ್ಚು."

"ಕಂಡೀಶನರ್?"

"ಅದರಿಂದ ಕೂದಲು ಉದುರುತ್ತದೆ ಅಂತಾರಲ್ಲ, ಹಾಕುವುದಿಲ್ಲ."

ಗಂಜಿ ತಿಳಿಯಲ್ಲಿ ಪ್ರೋಟೀನ್ ಇರುವುದು ತುಸು, ಪಿಷ್ಟವೇ ಜಾಸ್ತಿ. ಕುಚ್ಚಲಕ್ಕಿ ತಿಳಿಯಾದರೂ ಅಷ್ಟೇ. ಗಂಜಿ ಹಾಕಿದ ನೂಲಿನ ಸೀರೆ ನೆರಿಗೆ ಹಾಕಿದಾಗ ಹೇಗೆ ಗರಿಗರಿ ನಿಲ್ಲುತ್ತದೆ, ಎಳೆಗಳೂ ಹಾಗೇ ನಿಲ್ಲುತ್ತವೆ. ಮೊದಲ ಒಂದೆರಡು ಸಲ ಕೂದಲು ದಪ್ಪವಾದ ಹಾಗೆ ಕಾಣುತ್ತದೆ, ಅದಕ್ಕೇ ಎಲ್ಲರೂ ಬೀಳುವುದು. ಪದರದ ಮೇಲೆ ಪದರ ಕೂತ ಮೇಲೆ ಕೂದಲು ಬಾಗುವುದನ್ನು ಬಿಟ್ಟು ಮುರಿಯಲು ಶುರು ಮಾಡುತ್ತದೆ. ಅವಳು ಅದನ್ನು ಪ್ರೋಟೀನ್ ಸಾಲದ್ದಕ್ಕೆ ಆದದ್ದು ಎಂದುಕೊಂಡು ಇನ್ನೊಂದು ಮಾಸ್ಕ್ ಹಾಕುತ್ತಿದ್ದಳು.

ಹೀಗಿದ್ದರೆ ಮಾಡಬೇಕಾದದ್ದು ಇಷ್ಟು. ಪ್ರೋಟೀನ್, ಗಂಜಿ, ಮೊಟ್ಟೆ ಎಲ್ಲ ಬಂದ್. ಒಂದೂವರೆ ತಿಂಗಳು ಆ ಕಡೆ ನೋಡಬೇಡಿ. ಪದರ ತೆಗೆಯುವ 'ಕ್ಲಾರಿಫೈಯಿಂಗ್' ಶಾಂಪೂ ಒಂದು ಸಲ ಹಾಕಿ. ನಂತರ ಮೆದು ಶಾಂಪೂ, ಪ್ರತಿ ಸಲ ಕಂಡೀಶನರ್. ಕಂಡೀಶನರಿನಿಂದ ಕೂದಲು ಉದುರುವುದಿಲ್ಲ. ಬುಡ ಬಿಟ್ಟು ಕಿವಿಯಿಂದ ಕೆಳಗೆ ಹಚ್ಚಿ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ, ಎರಡು ಮೂರು ನಿಮಿಷ ಬಿಟ್ಟು ತೊಳೆಯಿರಿ. ಡಬ್ಬಿಯಲ್ಲಿ 'ಸೀಟೈಲ್ ಆಲ್ಕೊಹಾಲ್' ಎಂದು ನೋಡಿ ಹೆದರಬೇಡಿ. ಅದು ಮೇಣದ ಥರದ ಕೊಬ್ಬು, ಕೂದಲು ಒಣಗಿಸುವ ಸ್ಪಿರಿಟ್ ಅಲ್ಲ.

ಒಂದು ಮಾತು ಇಲ್ಲಿ ಸ್ಪಷ್ಟವಾಗಲಿ. 'ತೇವಾಂಶ ಕೊಡುವುದು' ಎಂದರೆ ಕೂದಲಿಗೆ ನೀರು ಕುಡಿಸುವುದಲ್ಲ. ಕೂದಲು ಬಾಗುವ ಹಾಗೆ, ಒಂದರ ಮೇಲೊಂದು ಜಾರುವ ಹಾಗೆ, ಒಳಗಿನ ತೇವ ಬೇಗ ಏರಿಳಿಯದ ಹಾಗೆ ಮೇಲೆ ಒಂದು ನುಣುಪು ಪದರ ಕೊಡುವುದು.

ಪ್ರೋಟೀನನ್ನೇ ಮುಟ್ಟಿಲ್ಲ, ಆದರೂ ಕೂದಲು ಬಿರುಸು ಎಂದಾದರೆ ನೀರಿನ ಕಡೆ ತಿರುಗಿ.

ಬಾವಿ ನೀರು

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಈ ನದಿಗಳು ಸಮುದ್ರ ಸೇರುವ ಅಳಿವೆಗಳ ಆಸುಪಾಸಿನ ಎಷ್ಟೋ ಬಾವಿಗಳಿಗೆ ಮಾರ್ಚ್ ದಾಟಿದರೆ ಉಪ್ಪು ಹತ್ತುತ್ತದೆ. ಕೆಲವು ಕಡೆ ಬೋರ್‌ವೆಲ್ ನೀರು ಗಡಸು. ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶ, ಬಕೆಟ್ಟಿನ ಒಳಗೆ ಕೆಂಪು ಕರೆ ಕೂರುತ್ತದೆ. ಮೂರೂ ಕೂದಲಿನ ಮೇಲೆ ಕೂತು ಅದನ್ನು ಒರಟು ಮಾಡುತ್ತವೆ. ಗಡಸು ನೀರಿಗೆ ಮೈ ಸೋಪು ಸೇರಿದರೆ ಕೇಳುವುದೇ ಬೇಡ, ಬಿಳಿ ಜಿಡ್ಡು ಕೂದಲಿಗೆ ಮೆತ್ತುತ್ತದೆ. ಸೋಪಿನ ಕ್ಷಾರಕ್ಕೆ ಕೂದಲಿನ ಹೊರಪದರ ಏಳುತ್ತದೆ ಕೂಡ. ತಲೆಗೆ ಮೈ ಸೋಪು ಹಚ್ಚುವ ಗಂಡಸರು ಇದನ್ನು ಓದುತ್ತಿದ್ದರೆ, ನಿಮಗೇ ಹೇಳಿದ್ದು.

ನೀರು ಗಡಸೋ ಎಂದು ನೋಡಲು ಪಾರದರ್ಶಕ ಬಾಟಲಿಗೆ ಅರ್ಧ ನೀರು ತುಂಬಿ, ಮೈ ಸೋಪಿನ ಸಣ್ಣ ಚೂರು ಹಾಕಿ ಕುಲುಕಿ. ಪಕ್ಕದಲ್ಲಿ ಮಳೆನೀರಿನದ್ದೂ ಒಂದು ಬಾಟಲಿ ಇಟ್ಟುಕೊಳ್ಳಿ. ನೊರೆ ಬಾರದೆ ನೀರು ಹಾಲಿನಂತಾದರೆ ಗಡಸು. ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರ್ ಕರಗಿದ್ದೆಲ್ಲವನ್ನೂ ಒಟ್ಟಿಗೆ ಅಳೆಯುತ್ತದೆ, ಗಡಸುತನ ಬೇರೆ ಮಾಡಿ ಹೇಳುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದ ಕಡೆ 600ರ ತನಕ ಒಪ್ಪುತ್ತಾರೆ. ಕುಡಿಯಲು ಪಾಸಾದ ನೀರು ಕೂದಲಿಗೆ ಪಾಸಾಗಬೇಕೆಂದಿಲ್ಲ.

ಪರಿಹಾರ ದುಬಾರಿಯಲ್ಲ. ಇಡೀ ಸ್ನಾನಕ್ಕೆ ಒಳ್ಳೆ ನೀರು ಬೇಕಿಲ್ಲ. ಕೊನೆಯ ಎರಡು ಚೊಂಬು ಮಾತ್ರ ಸಿಹಿನೀರು ಹೊಯ್ದುಕೊಳ್ಳಿ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದರೆ ಅದಕ್ಕಿಂತ ಮೆದು ನೀರು ಸಿಗುವುದಿಲ್ಲ. ಮೊದಲ ಮಳೆಯದ್ದು ಬೇಡ, ಹಂಚು ತೊಳೆದ ಕೊಳೆ ಇರುತ್ತದೆ. ತಿಂಗಳಿಗೊಮ್ಮೆ 'ಇಡಿಟಿಎ' ಇರುವ, ಗಡಸು ನೀರಿಗೆಂದೇ ಮಾಡಿದ ಶಾಂಪೂ ಹಾಕಿದರೆ ಕೂತ ಲವಣ ಬಿಡುತ್ತದೆ. ಉಪ್ಪು ಹತ್ತಿದ ಬಾವಿಯವರಿಗೂ, ಭಾನುವಾರ ಟ್ಯಾಗೋರ್ ಬೀಚಿನಲ್ಲೋ ಗೋಕರ್ಣದಲ್ಲೋ ಸಮುದ್ರಕ್ಕಿಳಿಯುವವರಿಗೂ ಇನ್ನೊಂದು ಉಪಾಯ: ಇಳಿಯುವ ಮೊದಲೇ ಕೂದಲನ್ನು ಸಿಹಿನೀರಿನಲ್ಲಿ ನೆನೆಸಿ, ಸ್ವಲ್ಪ ಎಣ್ಣೆ ಸವರಿ. ಆಗಲೇ ನೀರು ಕುಡಿದ ಕೂದಲು ಉಪ್ಪುನೀರನ್ನು ಕಮ್ಮಿ ಎಳೆದುಕೊಳ್ಳುತ್ತದೆ.

ಜುಲೈ ತಿಂಗಳ ಗೊಂದಲ

ಕಾರವಾರಕ್ಕೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಗೋಡೆಯೇ ಬೆವರುವ ಆ ದಿನಗಳಲ್ಲಿ ಕೂದಲಿಗೆ ತೇವ ಕಮ್ಮಿಯಾಗಲು ಸಾಧ್ಯವೇ? ಕೂದಲು ತನ್ನ ತೂಕದ ನೂರಕ್ಕೆ ಮೂವತ್ತರಷ್ಟು ನೀರು ಹೀರಬಲ್ಲದು, ಪೂರ್ತಿ ನೆನೆದಾಗ ಶೇಕಡಾ 15ರಷ್ಟು ದಪ್ಪವಾಗುತ್ತದೆ. ಉಬ್ಬಿದಾಗ ಹೊರಗಿನ ಹಾಳೆಗಳು ಏಳುತ್ತವೆ, ಕೂದಲು ಕೆದರಿ ನಿಲ್ಲುತ್ತದೆ. ಜನ ಈ ಕೆದರನ್ನು ಒಣಗಿದ್ದು ಎಂದುಕೊಳ್ಳುತ್ತಾರೆ. ನೀರು ಚಿಮುಕಿಸುತ್ತಾರೆ, ಗ್ಲಿಸರಿನ್ ಸ್ಪ್ರೇ ಹೊಡೆಯುತ್ತಾರೆ. ಗ್ಲಿಸರಿನ್ ಗಾಳಿಯ ತೇವವನ್ನು ಇನ್ನಷ್ಟು ಎಳೆದು ತರುತ್ತದೆ. ಕೂದಲು ಮತ್ತಷ್ಟು ಉಬ್ಬುತ್ತದೆ. ದಿನಕ್ಕೆರಡು ಸಲ ಹೀಗೆ ಉಬ್ಬಿ, ಬತ್ತಿ, ಉಬ್ಬಿ, ಬತ್ತಿ ಕೂದಲು ಸೋಲುತ್ತದೆ.

ಈ ತಿಂಗಳುಗಳಲ್ಲಿ ಬೇಕಾದದ್ದು ತಡೆ. ತೊಳೆದು ಮುಕ್ಕಾಲು ಒಣಗಿದ ಮೇಲೆ ಎರಡೇ ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಉಜ್ಜಿ ಉದ್ದಕ್ಕೂ ಸವರಿ, ಇಲ್ಲವೇ 'ಡೈಮೆಥಿಕೋನ್' ಎಂಬ ಸಿಲಿಕೋನ್ ಇರುವ ಸೀರಮ್ ಹಚ್ಚಿ. ಸಿಲಿಕೋನ್ ಎಂದರೆ ವಿಷ ಎಂಬ ಮಾತು ನಂಬಬೇಡಿ. ತೇವದ ಊರಿನಲ್ಲಿ ಅದು ಒಳ್ಳೆಯ ಛತ್ರಿ.

ಒಣಗಿಸುವ ವಿಷಯ ಇನ್ನೂ ಮುಖ್ಯ. ಬೆಳಿಗ್ಗೆ ಮಿಂದು ಒದ್ದೆಯಲ್ಲೇ ತುರುಬು ಕಟ್ಟಿ ಕೆಲಸಕ್ಕೆ ಹೋದರೆ ಸಂಜೆ ಬಿಚ್ಚುವಾಗಲೂ ಒಳಗೆ ತಣ್ಣಗೆ ಒದ್ದೆ ಇರುತ್ತದೆ. ವಾಸನೆ, ಹೊಟ್ಟು, ಸಿಕ್ಕು, ತುಂಡು ಎಲ್ಲ ಒಂದರ ಹಿಂದೊಂದು. ಟವೆಲಿನಲ್ಲಿ ಉಜ್ಜಬೇಡಿ. ಹಳೇ ಹತ್ತಿ ಪಂಚೆಯಲ್ಲಿ ಒತ್ತಿ ಹಿಂಡಿ. ಹೇರ್ ಡ್ರೈಯರ್ ಬಗ್ಗೆ ನಮ್ಮಲ್ಲಿ ಸುಮ್ನೆ ಭಯ ಜಾಸ್ತಿ. 2011ರಲ್ಲಿ ಕೊರಿಯಾದವರು ಪ್ರಕಟಿಸಿದ ಅಧ್ಯಯನವೊಂದರಲ್ಲಿ, 15 ಸೆಂಟಿಮೀಟರ್ ದೂರದಿಂದ ಕೈ ಆಡಿಸುತ್ತಾ ಡ್ರೈಯರ್ ಹಿಡಿದಾಗ, ತಾನಾಗಿ ಒಣಗಲು ಬಿಟ್ಟದ್ದಕ್ಕಿಂತ ಹಾನಿ ಕಡಿಮೆ ಕಂಡಿತು. ಬಹಳ ಹೊತ್ತು ನೀರು ಹಿಡಿದ ಕೂದಲಿನ ಒಳಪದರವೇ ಕೆಡುತ್ತದೆ. ಆದರೆ ಒದ್ದೆ ಕೂದಲಿಗೆ ಸ್ಟ್ರೈಟ್ನರ್ ಎಂದಿಗೂ ಬೇಡ. ಒಳಗಿನ ನೀರು ಕುದಿದು ಕೂದಲೊಳಗೆ ಗುಳ್ಳೆ ಏಳುತ್ತದೆ. ಚುಯ್ ಎಂದು ಸದ್ದು ಬಂತು ಎಂದರೆ ಅದೇ.

ಘಟ್ಟದ ಮೇಲಿನವರಿಗೆ

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದರೆ ಲೆಕ್ಕ ಬದಲಾಗುತ್ತದೆ. ಮಳೆಗಾಲ ಅಲ್ಲೂ ಜೋರೇ. ಆದರೆ ಡಿಸೆಂಬರ್, ಜನವರಿಯ ಚಳಿಗೆ ಗಾಳಿ ಒಣಗುತ್ತದೆ, ಬಚ್ಚಲ ಹಂಡೆ ಕೊತಕೊತ ಕುದಿಯುತ್ತದೆ. ಆ ಸುಡುನೀರನ್ನೇ ತಲೆಗೆ ಹೊಯ್ದುಕೊಂಡು, ಒಲೆಯ ಮುಂದೆಯೇ ಕೂದಲು ಒಣಗಿಸಿದರೆ ಬಿರುಸಾಗದೆ ಇನ್ನೇನಾದೀತು? ತಲೆಗೆ ಬೆಚ್ಚಗಿನ ನೀರು ಸಾಕು.

ಅಲ್ಲಿಯವರ ಹತ್ತಿರ ಒಂದು ಒಳ್ಳೆಯ ವಸ್ತು ಇದೆ, ಅದನ್ನು ಬಿಟ್ಟು ಬೇರೆ ಕಡೆ ದುಡ್ಡು ಹಾಕುತ್ತಾರೆ. ಮತ್ತಿ ಸೊಪ್ಪಿನದ್ದೋ ದಾಸವಾಳ ಎಲೆಯದ್ದೋ ಗೊಂಪು. ನೀರಲ್ಲಿ ಕಿವುಚಿದಾಗ ಬರುವ ಆ ಲೋಳೆ ಕೂದಲಿಗೆ ಜಾರುವ ಪದರ ಕೊಡುತ್ತದೆ, ಸಿಕ್ಕು ಬಿಡಿಸುತ್ತದೆ. ಅಂದರೆ ಕಂಡೀಶನರ್ ಮಾಡುವ ಕೆಲಸದಲ್ಲಿ ಒಂದು ಪಾಲು. ಇದರಲ್ಲಿ ಪ್ರೋಟೀನಿನ ಲೆಕ್ಕ ಹುಡುಕಬೇಡಿ. ಸೀಗೆಕಾಯಿ ಮತ್ತು ಅಂಟುವಾಳ ಬೇರೆ, ಅವು ಕೊಳೆ ತೆಗೆಯುವವು. ಸೀಗೆಪುಡಿ ನುಣ್ಣಗಿಲ್ಲದಿದ್ದರೆ ಕೂದಲನ್ನು ತಿಕ್ಕಿ ಹರಿಯುತ್ತದೆ. ಸೀಗೆ ಮೊದಲು, ಸೋಸಿದ ಗೊಂಪು ಆಮೇಲೆ. ಎರಡನ್ನೂ ಕಲಸಿ ಒಂದೇ ಸಲಕ್ಕೆ ಮೆತ್ತಿದರೆ ಗೊಂಪಿನ ನುಣುಪನ್ನು ಸೀಗೆಯೇ ತೊಳೆದುಬಿಡುತ್ತದೆ.

ಕೊಬ್ಬರಿ ಎಣ್ಣೆ: ಯಾವಾಗ, ಎಷ್ಟು

2003ರಲ್ಲಿ ನಮ್ಮ ದೇಶದ ಸಂಶೋಧಕರೇ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ್ದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರಿ ಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರ ಲಾರಿಕ್ ಆಮ್ಲದ ಕಣ ಸಣ್ಣದು, ನೇರವಾದದ್ದು, ಕೂದಲೊಳಗೆ ಇಳಿಯುತ್ತದೆ. ಅಂದರೆ ಎಣ್ಣೆ ಪ್ರೋಟೀನ್ ಕೊಡುವುದಿಲ್ಲ, ಇರುವುದನ್ನು ಉಳಿಸುತ್ತದೆ. ಹಾಗಾಗಿ ತಲೆಗೆ ಮೀಯುವ ಒಂದೆರಡು ತಾಸು ಮೊದಲು, ಅಥವಾ ಹಿಂದಿನ ರಾತ್ರಿ, ಉದ್ದಕ್ಕೆ ತೆಳ್ಳಗೆ ಹಚ್ಚಿ. ತೊಟ್ಟಿಕ್ಕುವಷ್ಟು ಹಚ್ಚಿದರೆ ಅದನ್ನು ತೆಗೆಯಲು ಎರಡು ಸಲ ಶಾಂಪೂ ಬೇಕಾಗುತ್ತದೆ, ಉಳಿಸಿದ್ದು ಅಲ್ಲೇ ಹೋಯಿತು. ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಾಕಬೇಡಿ. ಹೊಟ್ಟಿನ ಫಂಗಸ್ಸಿಗೆ ಅದು ಹಬ್ಬದೂಟ. ಕೆಲವರ ಕೂದಲು ಕೊಬ್ಬರಿ ಎಣ್ಣೆಗೇ ಬಿರುಸಾಗುತ್ತದೆ. ಹಾಗೆ ಅನ್ನಿಸಿದರೆ ಬಿಡಿ, ಹಟ ಬೇಡ.

ಸರಿ ಮಾಡುವಾಗ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಶಾಂಪೂ, ನೀರು, ಮಾಸ್ಕ್, ಎಣ್ಣೆ ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಮೂರು ನಾಲ್ಕು ಸ್ನಾನ ಕಾದು, ಅದೇ ಒದ್ದೆ ಎಳೆಯ ಪರೀಕ್ಷೆ ಮತ್ತೆ ಮಾಡಿ. ಬಿರುಸು ಕೂದಲು ಸ್ವಲ್ಪ ಹಿಗ್ಗಲು ಶುರು ಮಾಡಿದರೆ ದಾರಿ ಸರಿ ಇದೆ. ಹಿಗ್ಗುವುದು ಜಾಸ್ತಿಯಾಗಿ ಜೋತು ಬೀಳತೊಡಗಿದರೆ ಒಂದು ಸಲ ಪ್ರೋಟೀನ್ ಹಾಕಿ, ಮತ್ತೆ ನಿಲ್ಲಿಸಿ.

ಪ್ರೋಟೀನ್ ಹಾಕಿದ್ದಕ್ಕೆ ಬಿರುಸು, ಬಿಟ್ಟದ್ದಕ್ಕೆ ಜೋತು, ಎರಡೂ ಕಡೆ ನಿಲ್ಲುತ್ತಿಲ್ಲ ಎಂದಾದರೆ ಆ ಭಾಗ ರಾಸಾಯನಿಕಕ್ಕೆ ಪೂರ್ತಿ ಸೋತಿದೆ. ಅಷ್ಟನ್ನು ಕತ್ತರಿಸಿ. ಒಂದೇ ಸಲ ಭುಜಕ್ಕೆ ತರಲು ಮನಸ್ಸಿಲ್ಲದಿದ್ದರೆ ಎರಡು ತಿಂಗಳಿಗೊಮ್ಮೆ ಒಂದೊಂದು ಇಂಚು ತೆಗೆಸುತ್ತಾ ಬನ್ನಿ, ಬುಡದಿಂದ ಬರುವ ಹೊಸ ಕೂದಲಿಗೆ ಬ್ಲೀಚ್ ತೋರಿಸಬೇಡಿ. ಬ್ಲೀಚೇ ಇಲ್ಲದೆ, ಇಸ್ತ್ರಿಯೂ ಇಲ್ಲದೆ, ನೀರು ಸರಿಯಿದ್ದೂ ಬುಡದ ಹತ್ತಿರವೇ ಮುರಿಯುತ್ತಿದ್ದರೆ, ಅಥವಾ ನೆತ್ತಿಯಲ್ಲಿ ತುರಿಕೆ, ಬೋಳು ಚುಕ್ಕೆ ಇದ್ದರೆ ಪಾರ್ಲರಿಗೆ ಬರಬೇಡಿ. ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಹತ್ತಿರದ ಚರ್ಮದ ಡಾಕ್ಟರಲ್ಲಿಗೋ ಹೋಗಿ. ಹೋಗುವ ದಿನ ತಲೆಗೆ ಎಣ್ಣೆ ಹಾಕದೆ ಹೋಗಿ, ಮುರಿದ ಒಂದಷ್ಟು ಎಳೆಯನ್ನು ಕಾಗದದಲ್ಲಿ ಮಡಿಚಿ ಒಯ್ಯಿರಿ.